ತಿರುವು ಬ್ಯಾಂಡಿನ ಕಡೇ ಹಾಡು

ಮೊನ್ನೆ ಚಾಮರಾಜನಗರದಲ್ಲಿ ನಾದಿನಿಯ ಕಡೆಯವರ ಮದುವೆ. ಊಟ ಮುಗಿಸಿ ಕೈ ತೊಳೆಯಲು ಛತ್ರದ ಹಿಂಬದಿಗೆ ಹೋದಾಗ ಕರೆಂಟು ಹೋಯಿತು. ನಲ್ಲಿಗಳ ಪಕ್ಕದಲ್ಲೇ ಇದ್ದ ಜನರೇಟರನ್ನು ಯಾರೋ ಓಡಿಬಂದು ಚಾಲೂ ಮಾಡಿದರು. ಅದು ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿ ಒಂದು ಬಾಯಿ ಕಪ್ಪು ಹೊಗೆಯನ್ನು ನಮ್ಮ ರೇಷ್ಮೆ ಸೀರೆಗಳ ಮೇಲೆ ಉಗುಳಿ ಗುಡುಗುಡು ಎಂದು ಹತ್ತಿಕೊಂಡಿತು. ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಓಡಿದರು. ನಾನು ಮಾತ್ರ ಒದ್ದೆ ಕೈ ಹಿಡಿದುಕೊಂಡು ಅಲ್ಲೇ ನಿಂತೆ, ಚೆನ್ನಾಗಿ ಒಮ್ಮೆ ಉಸಿರೆಳೆದುಕೊಂಡೆ.

ಹಳೆಯ ನೆನಪು ಮಲ್ಲಿಗೆಯ ಘಮಕ್ಕೋ ಮೊದಲ ಮಳೆಯ ಮಣ್ಣಿಗೋ ಬಂದರೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ನನಗೆ ಬರುವುದು ಡೀಸೆಲ್ ಹೊಗೆಗೆ. ಏನು ಮಾಡಲಿ? ನನ್ನ ಯೌವನದ ಅತ್ಯಂತ ಸಂತೋಷದ ಮಧ್ಯಾಹ್ನಗಳೆಲ್ಲ ಒಂದಲ್ಲ ಒಂದು ಜನರೇಟರಿನ ಪಕ್ಕದಲ್ಲೇ ಕಳೆದವು. ನಾನು ಒಂದು ರಾಕ್ ಬ್ಯಾಂಡಿನ ಅಭಿಮಾನಿಯಾಗಿದ್ದೆ. ನಗಬೇಡಿ. ತಾಳವಾಡಿಯಲ್ಲಿ ರಾಕ್ ಬ್ಯಾಂಡು ಇತ್ತು.

ತಾಳವಾಡಿ ಇರುವುದು ತಮಿಳುನಾಡಿಗೆ ಸೇರಿದ ಬೆಟ್ಟದ ಮೇಲೆ, ಮನೆಮಾತು ಮಾತ್ರ ಕನ್ನಡ. ಕೆಳಗಿನ ಸತ್ಯಮಂಗಲದಿಂದ ನಮ್ಮ ಬೆಟ್ಟಕ್ಕೆ ಬರಬೇಕಾದರೆ ಘಾಟಿಯಲ್ಲಿ ಇಪ್ಪತ್ತೇಳು ತಿರುವುಗಳನ್ನು ಹತ್ತಬೇಕು. ಆ ರಸ್ತೆಯಲ್ಲಿ ಒಮ್ಮೆ ಬಂದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ; ಅವರ ಹೊಟ್ಟೆಗೇ ನೆನಪಿರುತ್ತದೆ. ಬ್ಯಾಂಡಿಗೆ ಅದನ್ನೇ ಹೆಸರಿಟ್ಟಿದ್ದರು, ‘ಇಪ್ಪತ್ತೇಳು ತಿರುವು’ ಅಂತ. ಜನ ಅಷ್ಟುದ್ದ ಯಾಕೆ ಹೇಳುತ್ತಾರೆ, ತಿರುವು ಬ್ಯಾಂಡು ಎಂದರು. ಅದನ್ನು ಕಟ್ಟಿದವನು ಜೋಸೆಫ್. ಅವನ ತಂದೆಗೆ ತಾಳವಾಡಿಯಲ್ಲಿ ಸೈಕಲ್ ಅಂಗಡಿ. ಚರ್ಚಿನಲ್ಲಿ ಗಿಟಾರು ಹಿಡಿಯಲು ಕಲಿತು, ಐಟಿಐ ಓದಲು ಕೊಯಮತ್ತೂರಿಗೆ ಹೋಗಿ, ಬರುವಾಗ ಸರ್ಟಿಫಿಕೇಟಿನ ಜೊತೆ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ, ನಮ್ಮ ಕಡೆ ಯಾರೂ ಕೇಳಿರದ ಗದ್ದಲದ ರುಚಿಯನ್ನೂ ತಂದಿದ್ದ. ಜೀರಹಳ್ಳಿಯ ಸಿದ್ದರಾಜು ಕೀಬೋರ್ಡು. ಡ್ರಮ್ಮು ನಮ್ಮಣ್ಣ ಮಾದೇವ.

ಅಣ್ಣ ಡ್ರಮ್ಮು ಕಲಿತದ್ದು ಯಾವ ಗುರುವಿನ ಹತ್ತಿರವೂ ಅಲ್ಲ. ನಮ್ಮದು ತಿಗನಾರೆ. ಮಳೆ ನಂಬಿದ ಹೊಲ, ರಾಗಿ, ಜೋಳ, ಅವರೆ. ಪೈರು ಹಾಲು ತುಂಬುವ ಹೊತ್ತಿಗೆ ಕಾಡಿನಿಂದ ಹಂದಿ, ಆನೆ ಬರುತ್ತವೆ. ಹೊಲದ ಅಟ್ಟಣೆಯ ಮೇಲೆ ಕೂತು ಎಣ್ಣೆ ಡಬ್ಬ ಬಡಿಯುವುದು ಅವನ ಪಾಲಿನ ಕೆಲಸ. ಹಂದಿ ಯಾವ ಸದ್ದಿಗಾದರೂ ಓಡುತ್ತದೆ. ಆನೆ ಹಾಗಲ್ಲ. ಒಂದೇ ಬಡಿತವನ್ನು ಎರಡು ದಿನ ಕೇಳಿದರೆ ಮೂರನೆಯ ದಿನ ಅದಕ್ಕೆ ಅಂಜಿಕೆ ಇರುವುದಿಲ್ಲ. ಇವನದ್ದು ಇಷ್ಟೇ ಎಂದು ತಿಳಿದುಕೊಂಡು ತನ್ನ ಪಾಡಿಗೆ ಜೋಳ ತಿನ್ನುತ್ತದೆ. ಹಾಗಾಗಿ ಅಣ್ಣ ದಿನವೂ ಬಡಿತ ಬದಲಿಸಬೇಕಾಗಿತ್ತು. ಇವತ್ತಿನದು ನಾಳೆಗೆ ಆಗುವಂತಿಲ್ಲ. ಇದಕ್ಕಿಂತ ಕಟ್ಟುನಿಟ್ಟಾದ ಸಂಗೀತ ಪರೀಕ್ಷೆ ಇದ್ದರೆ ನನಗೆ ತಿಳಿಸಿ.

ಯಾವುದೋ ಕೆಲಸಕ್ಕೆ ನಮ್ಮೂರಿಗೆ ಬಂದು ಉಳಿದಿದ್ದ ಜೋಸೆಫ್ ಒಂದು ಮುಂಜಾನೆ ಅದನ್ನು ಕೇಳಿಸಿಕೊಂಡು, ಸದ್ದಿನ ಜಾಡು ಹಿಡಿದು ಹೊಲಕ್ಕೇ ಬಂದನಂತೆ. ಅಟ್ಟಣೆಯ ಕೆಳಗೆ ನಿಂತು, ಅದೇನು ಬಡಿಯುತ್ತಿದ್ದೀಯ ಎಂದು ಕೇಳಿದನಂತೆ. ಆನೆ ಓಡಿಸುತ್ತಿದ್ದೇನೆ ಎಂದನಂತೆ ಅಣ್ಣ. ಹಾಗೆ ಶುರುವಾಯಿತು. ಚರ್ಚಿನ ಮೂಲೆಯಲ್ಲಿದ್ದ ಹಳೆಯ ಡ್ರಮ್ಮುಗಳನ್ನು ಒರೆಸಿ, ಹರಿದ ಚರ್ಮ ಬದಲಿಸಿ ಅಣ್ಣನ ಮುಂದಿಟ್ಟರು. ಅಪ್ಪ ಮೊದಲ ಕಚೇರಿ ನೋಡಿ ಮನೆಗೆ ಬಂದು ಅವ್ವನಿಗೆ ಹೇಳಿದ್ದು ಇಷ್ಟೇ: “ಆನೆ ಓಡ್ಸದ ಕಲ್ತಿದ್ದ. ಈಗ ಜನ್ವ ಓಡುಸ್ತನ.”

ಜನ ಓಡಲಿಲ್ಲ. ಮೊದಮೊದಲು ಸಿನಿಮಾ ಹಾಡು ಕೇಳಿದರು, ಇವರು ತಮ್ಮದೇ ಹಾಡುತ್ತಾರೆಂದು ಬೇಸರಪಟ್ಟರು, ಆಮೇಲೆ ಅವನ್ನೇ ಕೇಳತೊಡಗಿದರು. ನಮ್ಮ ಮಾತಿನಲ್ಲೇ, ಕನ್ನಡದ ನಡುವೆ ತಮಿಳು ಸೇರಿಸಿ, ಬಸ್ಸಿನ ಮೇಲೆ, ಹುಣಸೆಮರದ ಮೇಲೆ, ಫಾರೆಸ್ಟಿನವರ ಮೇಲೆ ಜೋಸೆಫ್ ಹಾಡು ಕಟ್ಟುತ್ತಿದ್ದ; ಅವನ ಬಾಯಲ್ಲಿ ಹಾಡು ಎಂದರೆ ಪಾಟು. ಎಲ್ಲಕ್ಕಿಂತ ಹೆಸರಾದದ್ದು ಮಂಜಿನ ಹಾಡು.

ಮಂಜು ಇಳೀತು ಕಣ್ಲಾ, ದಾರಿ ಕಾಣ್ದು ಕಣ್ಲಾ,
ಮುಂದ್ಲ ತಿರುವ್ನಲ್ಲಿ ಯಾರವ್ರೋ ಕೂಗ್ಲಾ.

ಘಾಟಿಯಲ್ಲಿ ಮಂಜು ಕವಿದಾಗ ಡ್ರೈವರು ತಿರುವಿಗೆ ಮೊದಲು ಹಾರನ್ ಹೊಡೆದು, ಎದುರಿನಿಂದ ಉತ್ತರ ಬರುತ್ತದೋ ಎಂದು ಒಂದು ಗಳಿಗೆ ಕಿವಿಗೊಡುತ್ತಾನಲ್ಲ, ಅದೇ ಹಾಡಿನ ಜೀವ. ಮೊದಲ ಚರಣ ಮೆತ್ತಗೆ, ಗಿಟಾರು ಒಂದೇ. ಆಮೇಲೆ ಜೋಸೆಫ್ ಗಿಟಾರಿನಲ್ಲೇ ಲಾರಿಯ ಹಾರನ್ನಿನಂತೆ ಉದ್ದಕ್ಕೆ ಒಂದು ಸ್ವರ ಎಳೆದು ನಿಲ್ಲಿಸುತ್ತಿದ್ದ. ಮೌನ. ಆ ಮೌನದೊಳಗಿಂದ ಅಣ್ಣನ ಡ್ರಮ್ಮು ಉತ್ತರ ಕೊಡುತ್ತ ಬರುತ್ತಿತ್ತು, ಒಮ್ಮೆಲೇ ಅಲ್ಲ, ದೂರದ ತಿರುವಿನಿಂದ ಹತ್ತಿ ಬರುವ ಗಾಡಿಯ ಹಾಗೆ. ನನ್ನ ಮೈಮೇಲೆ ಮುಳ್ಳೇಳುತ್ತಿತ್ತು. ಆಗ ನಾನು ಪ್ಲಸ್ ಟೂ ಮುಗಿಸಿ ತಾಳವಾಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದೆ. ಸ್ಪೀಕರಿನ ಬಾಯಿಗೇ ಹೋಗಿ ನಿಂತು ಕೇಳಿ, ಎರಡು ದಿನ ಕಿವಿಯಲ್ಲಿ ಸೀಟಿ ಹೊಡೆಸಿಕೊಂಡು, ಅವ್ವ ನೀರು ತಾ ಎಂದರೆ ಸೌದೆ ತಂದುಕೊಡುತ್ತಿದ್ದೆ. ಆ ಸೀಟಿ ನನಗೆ ಹೆಮ್ಮೆ. ಅದರಲ್ಲಿ ಕೇಡೂ ಇರಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವರ ಕಚೇರಿಗಳೆಲ್ಲ ಹಗಲಿನಲ್ಲಿ. ರಾಕ್ ಸಂಗೀತ ಎಂದರೆ ಕತ್ತಲು, ಬಣ್ಣದ ದೀಪ ಎಂದು ನೀವು ಟೀವಿಯಲ್ಲಿ ನೋಡಿರುತ್ತೀರಿ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ರಸ್ತೆ ಆನೆಗಳದ್ದು. ಹಾಗಾಗಿ ಉಂಡು ಬಂದು ಬಿಸಿಲಿನಲ್ಲಿ ಕೂರುತ್ತಿದ್ದೆವು, ಕಡೆಯ ಬಸ್ಸಿಗೆ ಮೊದಲು ಎಲ್ಲ ಮುಗಿಯಬೇಕು. ಅಜ್ಜಿಯರು ತಲೆಗೆ ಸೆರಗು ಹೊದ್ದು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ಜೋಸೆಫ್ ಬೆವರು ಒರೆಸಿಕೊಂಡು ಕಿರುಚುತ್ತಿದ್ದ, ಅವರು ತಲೆದೂಗುತ್ತಿದ್ದರು.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಸತ್ಯಮಂಗಲದಲ್ಲಿ ಒಂದು ದೊಡ್ಡ ಕಾರ್ಯಕ್ರಮ ಸಿಕ್ಕಿತು. ಬೆಟ್ಟ ಇಳಿದು ಹಾಡುವುದು ಅವರಿಗೆ ಅದೇ ಮೊದಲು. ಜೋಸೆಫನೂ ಸಿದ್ದರಾಜುವೂ ಸಾಮಾನಿನ ಜೊತೆ ಹಿಂದಿನ ದಿನವೇ ಹೋಗಿದ್ದರು. ಅಣ್ಣ ಬೆಳಗಿನ ಬಸ್ಸಿಗೆ ಹೊರಡಬೇಕು. ಅಂಗಿ ಇಸ್ತ್ರಿಯಾಗಿ ಗೂಟಕ್ಕೆ ನೇತು ಬಿದ್ದಿತ್ತು. ಆ ನಸುಕಿನಲ್ಲಿ ಆನೆ ಬಂದವು. ಅಣ್ಣ ಇವತ್ತು ಮಲಗಿಕೊಳ್ಳಲಿ ಎಂದು ಅಪ್ಪ ತಾವೇ ಅಟ್ಟಣೆಗೆ ಹೋಗಿದ್ದರು. ಗಾಬರಿಯಲ್ಲಿ ಇಳಿಯುವಾಗ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಅಣ್ಣ ಅಪ್ಪನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಓಡಿದ. ಅಲ್ಲಿ ಸತ್ಯಮಂಗಲದಲ್ಲಿ ಅವರು ದಾರಿ ನೋಡಿದರು. ಆಗ ನಮ್ಮ ಊರುಗಳಲ್ಲಿ ಜೇಬಿನಲ್ಲಿ ಫೋನಿಟ್ಟುಕೊಂಡವರು ಯಾರಿದ್ದರು? ಕೊನೆಗೆ ಅಲ್ಲಿಯವನೇ ಸೆಲ್ವಂ ಎಂಬವನನ್ನು ಕಾಡಿ ಬೇಡಿ ಡ್ರಮ್ಮಿಗೆ ಕೂರಿಸಿದರು. ಅವನು ಪಳಗಿದ ಕೈ. ಕಾರ್ಯಕ್ರಮ ಗೆದ್ದಿತು.

ಕೆಲವು ದಿನ ಬಿಟ್ಟು ಅಣ್ಣ ಎಲ್ಲವನ್ನೂ ವಿವರಿಸಲು ತಾಳವಾಡಿಗೆ ಹೋದ. ಆಸ್ಪತ್ರೆಯ ಸುದ್ದಿ ಅವನಿಗಿಂತ ಮೊದಲು ಅಲ್ಲಿಗೆ ಮುಟ್ಟಿರಲಿಲ್ಲ. ಕಾದು ಕಾದು ಅವಮಾನಪಟ್ಟಿದ್ದ ಜೋಸೆಫ್, ಅಣ್ಣ ಬಾಯಿ ತೆರೆಯುವುದಕ್ಕೆ ಮೊದಲೇ ಅಂದುಬಿಟ್ಟನಂತೆ: “ನೀ ಬರ್ದಿದ್ರೂ ಪಾಟು ನಿಲ್ಲಿಲ್ಲ ಕಣ್ಲಾ.”

ಅಣ್ಣ ಅಪ್ಪನ ಕಾಲಿನ ವಿಷಯ ಹೇಳಲೇ ಇಲ್ಲ. ಬಂದ ದಾರಿಯಲ್ಲೇ ತಿರುಗಿ ಬಂದ. ಒಂದೆರಡು ದಿನದಲ್ಲಿ ಜೋಸೆಫನಿಗೆ ಎಲ್ಲ ತಿಳಿಯಿತು, ತಪ್ಪಾಯಿತೆಂದು ಸಿದ್ದರಾಜುವಿನ ಬಾಯಲ್ಲಿ ಹೇಳಿ ಕಳಿಸಿದ, ತಾನೇ ಒಮ್ಮೆ ಅಪ್ಪನನ್ನು ನೋಡಲು ಹಣ್ಣು ಹಿಡಿದುಕೊಂಡು ಬಂದ. ಅಣ್ಣ ಹೊಲದಿಂದ ಬರಲಿಲ್ಲ. ಆಡಿದ ಒಂದು ಮಾತು ಅಷ್ಟು ಹೊತ್ತಿಗೆ ಬೇರು ಬಿಟ್ಟಿತ್ತು. ಸೆಲ್ವಂ ಬೆಟ್ಟ ಹತ್ತಿ ಬಂದು ಬ್ಯಾಂಡಿಗೇ ನಿಂತ.

ನಾನು ಮಾತ್ರ ಒಂದೂ ಕಚೇರಿ ಬಿಡಲಿಲ್ಲ. ಅಣ್ಣನಿಗೆ ದ್ರೋಹ ಮಾಡಿದೆ ಎನ್ನಬೇಡಿ. ಬಂದ ಮೇಲೆ ಒಲೆಯ ಮುಂದೆ ಕೂತು ಅವ್ವನಿಗೆ ಹೇಳುವ ಹಾಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಅವ್ವನಿಗೆ ಅದರಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮುದ್ದೆ ಮುರಿಯುತ್ತಿದ್ದ. ನಾನು ಮಂಜಿನ ಹಾಡಿಗೆ ಬಂದಾಗ ಅವನ ಕೈ ನಿಧಾನವಾಗುತ್ತಿತ್ತು. ಒಮ್ಮೆ ಮಾತ್ರ, ಹಾರನ್ ಆದ ಮೇಲೆ ಸೆಲ್ವಂ ಎಷ್ಟು ಹೊತ್ತು ಬಿಟ್ಟು ಶುರುಮಾಡುತ್ತಾನೆ ಎಂದು ಕೇಳಿದ. ತಕ್ಷಣವೇ ಎಂದೆ. ಅವನು ಕೈ ತೊಳೆದು ಎದ್ದು ಹೋದ.

ಹೀಗೆ ಇನ್ನೂ ಮೂರು ವರ್ಷವಾಗಿರಬೇಕು. ಒಂದು ದಿನ ಜೋಸೆಫ್ ಮನೆಗೆ ಬಂದ. ಅವ್ವ ಕಾಫಿ ಕೊಟ್ಟರು. ಅವನು ತಲೆಯನ್ನು ಒಂದು ಬದಿಗೆ ವಾಲಿಸಿ, ಬಲಗಿವಿಯನ್ನು ನಮ್ಮ ಕಡೆ ಕೊಟ್ಟು ಕೂತಿದ್ದ. ಹಿಂದೆ ಹಾಗೆ ಕೂತಿದ್ದನ್ನು ನಾನು ನೋಡಿರಲಿಲ್ಲ. ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಗಿವಿಯಲ್ಲೂ ಸದಾ ಸೀಟಿಯಂತೆ. ಕೊಯಮತ್ತೂರಿನ ಡಾಕ್ಟರು, ಇದನ್ನಾದರೂ ಉಳಿಸಿಕೊಳ್ಳಬೇಕಾದರೆ ಈ ಸದ್ದು ಬಿಟ್ಟುಬಿಡು ಎಂದಿದ್ದಾರಂತೆ. ಸಿದ್ದರಾಜುವಿಗೂ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತ್ತು. ತಾಳವಾಡಿಯ ಮೈದಾನದಲ್ಲಿ ಒಂದೇ ಒಂದು ಕಚೇರಿ ಮಾಡಿ ಎಲ್ಲರಿಗೂ ಕೈಮುಗಿದು ಮುಗಿಸುವುದು ಎಂದು ತೀರ್ಮಾನವಾಗಿದೆ ಎಂದ. ಸಂತೆಯಲ್ಲಿ ಈರುಳ್ಳಿಯ ವಿಷಯ ಹೇಳುವ ಹಾಗೆ ಹೇಳಿದ. ಅವ್ವ ಅವನ ತಲೆ ಸವರಿ ಅತ್ತರು.

ಏಳುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ: “ಅವ್ನ್ಗ ಯೋಳಿ ಅವ್ವ. ಕಡೇ ಪಾಟ್ಗೆ ಸೆಲ್ವಂ ಎದ್ದೋಯ್ತನ. ಡ್ರಮ್ಮು ಅವ್ನ್ದೇ.”

ಅಣ್ಣ ಕೊಟ್ಟಿಗೆಯಲ್ಲಿದ್ದ. ಕೇಳಿಸಿಕೊಂಡ ಎಂದು ನನಗೆ ಗೊತ್ತು, ಯಾಕೆಂದರೆ ಅಷ್ಟು ಹೊತ್ತೂ ಕೊಟ್ಟಿಗೆಯಲ್ಲಿ ಒಂದು ಸದ್ದೂ ಇರಲಿಲ್ಲ.

ಕಚೇರಿಯ ದಿನ ಅವನು ಕ್ಷೌರ ಮಾಡಿಸಿಕೊಂಡು ಬಂದ. ಬಿಳಿ ಅಂಗಿ ಹಾಕಿಕೊಂಡ. ಬಾಮ್ಮಿ ಹೊರಡೋಣ ಎಂದು ನನಗಿಂತ ಮೊದಲು ಅಂಗಳಕ್ಕಿಳಿದ. ನನಗೆ ಆದ ಸಂತೋಷ ಹೇಳತೀರದು. ಬಸ್ಸಿನ ಉದ್ದಕ್ಕೂ ಅವನ ಪಕ್ಕದಲ್ಲಿ ಕೂತು ಊರೆಲ್ಲ ನೋಡಲಿ ಎಂದು ಬೀಗಿದೆ. ಮಳೆಗಾಲ ಮುಗಿದಿತ್ತು. ಹೊಲಗಳಲ್ಲಿ ಚೆಂಡುಹೂ ಹಳದಿಯಾಗಿ ನಿಂತಿದ್ದವು.

ಮೈದಾನದಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಓಟಿನ ಸಭೆಗಳಲ್ಲೂ ಕಂಡಿರಲಿಲ್ಲ. ಮೇಲೆ ಕಟ್ಟಿದ್ದ ಬಟ್ಟೆಯಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ಕರೆಂಟು ಆಗಲೇ ಹೋಗಿ ಜನರೇಟರು ಬಡಿದುಕೊಳ್ಳುತ್ತಿತ್ತು. ಅಣ್ಣ ಮುಂದೆ ಬರಲಿಲ್ಲ. ಹಿಂದೆ ರಸ್ತೆಯ ಬದಿಗೆ ನಿಂತಿದ್ದ ಯಾರದೋ ಟ್ರ್ಯಾಕ್ಟರಿನ ಟ್ರೈಲರು ಹತ್ತಿ ಕೂತ. ನಾನೂ ಹತ್ತಿದೆ. ಅಲ್ಲಿಂದ ವೇದಿಕೆ ಪೂರ್ತಿ ಕಾಣುತ್ತಿತ್ತು. ವೇದಿಕೆಯಿಂದ ನಾವೂ ಕಾಣುತ್ತಿದ್ದೆವು.

ಅವತ್ತು ಅವರು ಹಾಡಿದ ಹಾಗೆ ಎಂದೂ ಹಾಡಿರಲಿಲ್ಲ. ಬಸ್ಸಿನ ಹಾಡಿಗೆ ಪೊಲೀಸರೂ ಕುಣಿದರು. ಹುಣಸೆಮರದ ಹಾಡಿಗೆ ನನ್ನ ಹೊಲಿಗೆ ಟೀಚರು, ನಗು ಎಂದರೇನೆಂದು ಅರಿಯದ ಆ ಹೆಂಗಸು, ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರು. ಜೋಸೆಫ್ ಬಲಗಿವಿಗೆ ಹತ್ತಿ ತುರುಕಿಕೊಂಡಿದ್ದ. ನಡುನಡುವೆ ಸಿದ್ದರಾಜುವಿನ ಬೆರಳು ನೋಡಿ ಎಲ್ಲಿದ್ದೇವೆಂದು ತಿಳಿದುಕೊಳ್ಳುತ್ತಿದ್ದ. ಹೊತ್ತು ಬೆಟ್ಟದ ಹತ್ತಿರಕ್ಕೆ ಇಳಿಯಿತು. ಬಸ್ಸಿನವರು ಒಂದೆರಡು ಸಲ ಹಾರನ್ ಮಾಡಿ ಆತುರ ತೋರಿಸಿದರು.

ಆಗ ಸೆಲ್ವಂ ಎದ್ದ. ಕಡ್ಡಿಗಳನ್ನು ಡ್ರಮ್ಮಿನ ಮೇಲೆ ಜೋಡಿಸಿಟ್ಟು, ಅದಕ್ಕೆ ಕೈಮುಗಿದು ವೇದಿಕೆಯಿಂದ ಇಳಿದ. ಸ್ಟೂಲು ಖಾಲಿಯಾಯಿತು. ಜೋಸೆಫ್ ಮೈಕಿನಲ್ಲಿ ಯಾರ ಹೆಸರನ್ನೂ ಹೇಳಲಿಲ್ಲ. ಮಂಜಿನ ಹಾಡು ಶುರುಮಾಡಿದ. ಮೊದಲ ಚರಣ ಮುಗಿಯಿತು. ಹಾರನ್ನಿನ ಸ್ವರ ಎಳೆದ, ನಿಲ್ಲಿಸಿದ.

ಕಾದ.

ಜನ ಒಬ್ಬೊಬ್ಬರಾಗಿ ತಿರುಗಿ ಟ್ರೈಲರಿನ ಕಡೆ ನೋಡಿದರು. ಎಲ್ಲರಿಗೂ ಗೊತ್ತಿತ್ತು. ಅಣ್ಣ ಎರಡೂ ಕೈಯನ್ನು ಮಂಡಿಗಳ ಮೇಲೆ ಊರಿ ಕೂತಿದ್ದ. ನಾನು ಅವನ ತೋಳು ಹಿಡಿದು ಹೇಳಿದೆ: “ಓಗಣ್ಣ.” ಅವನು ಅಲುಗಲಿಲ್ಲ. ಜೋಸೆಫ್ ಇನ್ನೊಮ್ಮೆ ಆ ಸ್ವರ ಎಳೆದ, ಮೊದಲಿಗಿಂತ ಉದ್ದಕ್ಕೆ. ಮತ್ತೆ ಕಾದ. ಅಷ್ಟು ಜನರಿದ್ದ ಮೈದಾನದಲ್ಲಿ ಜನರೇಟರಿನದೊಂದೇ ಸದ್ದು. ಅಣ್ಣ ಕಾಲು ಕೆಳಗೆ ಬಿಟ್ಟ, ಇಳಿದೇಬಿಟ್ಟ ಎಂದುಕೊಂಡೆ. ಇಳಿಯಲಿಲ್ಲ. ಕಾಲನ್ನು ಹಾಗೇ ಇಳಿಬಿಟ್ಟುಕೊಂಡು ನೆಲ ನೋಡುತ್ತ ಕೂತ.

ಜೋಸೆಫ್ ಡ್ರಮ್ಮಿಲ್ಲದೆಯೇ ಹಾಡನ್ನು ಮುಗಿಸಿದ. ಕೈಮುಗಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಎಷ್ಟೋ ಜನ ಅತ್ತರು, ಬಸ್ಸಿಗೆ ಓಡಿದರು. ಓಡುವಾಗ ನಮ್ಮ ಪಕ್ಕದಲ್ಲಿ ಹಾದ ಒಬ್ಬರು, ಇಷ್ಟು ಕೊಬ್ಬು ಇರಬಾರದು ಎಂದು ನಮಗೆ ಕೇಳುವಂತೆಯೇ ಹೇಳಿ ಹೋದರು. ನನಗೂ ಹಾಗೇ ಅನ್ನಿಸಿತ್ತು. ಬಸ್ಸಿನಲ್ಲಿ ನಾನು ಅವನಿಂದ ಒಂದು ಗೇಣು ದೂರ ಕೂತೆ.

ಊರು ಹತ್ತಿರ ಬಂದ ಮೇಲೆ ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ: “ಕೈ ಅದುರ್ತಿತ್ತು ಕಣಮ್ಮಿ. ಡ್ರಮ್ಮು ಮುಟ್ಟಿ ಎಷ್ಟು ವರ್ಸ ಆಯ್ತು. ಅವ್ನು ಕಡೇ ಸಲ ಕೇಳಾದು, ಅದ್ರಲ್ಲಿ ನಾನು ತಪ್ಪು ಒಡುದ್ರೆ?”

ನಾನು ಆ ಒಂದು ಗೇಣು ಸರಿದು ಅವನ ಪಕ್ಕಕ್ಕೆ ಬಂದೆ. ಎಲ್ಲರೂ ಕೋಪ ಎಂದುಕೊಂಡದ್ದು ಹೆದರಿಕೆಯಾಗಿತ್ತು. ಆನೆಗೆ ಹೆದರದವನು ಗೆಳೆಯನ ಒಂದು ಕಿವಿಗೆ ಹೆದರಿದ್ದ. ಜೋಸೆಫನಿಗೆ ಇದನ್ನು ಹೇಳಬೇಕು, ನಾಳೆಯೇ ನಾನು ಹೋಗಿ ಹೇಳುತ್ತೇನೆ ಎಂದೆ. ಬೇಡ, ಇದು ನಾನೇ ಹೇಳಬೇಕಾದ ಮಾತು, ಹೇಳುತ್ತೇನೆ ಎಂದ.

ಹೇಳುತ್ತೇನೆ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಅವಸರ ಎಂಬುದಿಲ್ಲ. ಮೊದಲು ರಾಗಿ ಕುಯ್ಲು ಬಂತು. ಆಮೇಲೆ ಅಪ್ಪನ ಕಾಲಿಗೆ ಮತ್ತೆ ನೋವು ಬಂತು. ಆಮೇಲೆ ನನಗೆ ಮದುವೆ ಗೊತ್ತಾಯಿತು. ಅಷ್ಟರಲ್ಲಿ ಜೋಸೆಫ್ ಮದುವೆಯಾಗಿ, ಕಿವಿಗೆ ಔಷಧಿ ಮಾಡಿಸಿಕೊಳ್ಳಲು ಅನುಕೂಲವೆಂದು ಹೆಂಡತಿಯ ಜೊತೆ ಕೊಯಮತ್ತೂರಿಗೇ ಹೋಗಿ ಇದ್ದ. ಬೆಟ್ಟ ಇಳಿದರೆ ಮುಟ್ಟುವ ಊರು. ಅಣ್ಣ ಇಳಿಯಲಿಲ್ಲ. ಯಾವಾಗ ಕೇಳಿದರೂ, ಅವನು ಊರಿಗೆ ಬರಲಿ, ಎದುರಿಗೆ ಕೂತು ಹೇಳುತ್ತೇನೆ ಎನ್ನುತ್ತಿದ್ದ.

ನಾನು ಮೊದಲ ಮಗುವನ್ನೆತ್ತಿಕೊಂಡು ತವರಿಗೆ ಬಂದಾಗ ಅಣ್ಣ ತಾಳವಾಡಿ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ನನ್ನ ಚೀಲ ಎತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಎದುರಿಗೆ ಜೋಸೆಫ್. ಆ ವಾರವಷ್ಟೇ ಹೆಂಡತಿಯ ಜೊತೆ ತಾಳವಾಡಿಗೇ ವಾಪಸು ಬಂದು, ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲೇ ಬೇಕರಿ ಹಾಕಿದ್ದನಂತೆ. ಸ್ವಲ್ಪ ದಪ್ಪಗಾಗಿದ್ದ. ನನ್ನನ್ನು ನೋಡಿ ನಕ್ಕ, ಮಗುವಿನ ಕೆನ್ನೆ ಮುಟ್ಟಿದ. ಅಣ್ಣನ ಕಡೆ ತಿರುಗಿದಾಗ ಇಬ್ಬರೂ ನಿಂತೇಬಿಟ್ಟರು.

ಅಣ್ಣ ಚೀಲ ಕೆಳಗಿಟ್ಟ. ತುಂಬ ಮೆತ್ತಗೆ, ಅವತ್ತು ನನಗೆ ಹೆದರಿಕೆಯಾಯಿತು ಎಂದು ಹೇಳಿದ. ಜೋಸೆಫ್ ಕಣ್ಣು ಕಿರಿದು ಮಾಡಿ ಅವನ ತುಟಿಯನ್ನೇ ನೋಡಿದ, ಬಲಗಿವಿಯನ್ನು ಮುಂದೆ ತಂದ. ಅಣ್ಣ ಇನ್ನೊಂದಿಷ್ಟು ಗಟ್ಟಿಯಾಗಿ ಹೇಳಿದ. ಜೋಸೆಫ್ ತಲೆಯಾಡಿಸಿದ, ಕೇಳಿಸಲಿಲ್ಲ ಎಂದು. ಉಳಿಸಿಕೊಳ್ಳಲು ಹೋಗಿದ್ದ ಕಿವಿಯೂ ಉಳಿದಿರಲಿಲ್ಲ ಎಂದು ಆಗ ನಮಗೆ ತಿಳಿಯಿತು. ಅಣ್ಣ ಒಂದು ಗಳಿಗೆ ನನ್ನ ಮುಖ ನೋಡಿದ. ಒಬ್ಬನೇ ಒಬ್ಬನಿಗೆ ಗುಟ್ಟಾಗಿ ಹೇಳಲು ಅಷ್ಟು ವರ್ಷ ಬಾಯಿ ಬಾರದ ಮಾತನ್ನು, ಆ ಹಾಡುಹಗಲಲ್ಲಿ, ಬಸ್‌ಸ್ಟ್ಯಾಂಡಿನ ಅಷ್ಟೂ ಜನರ ನಡುವೆ ಕೊರಳ ನರ ಉಬ್ಬಿಸಿ ಕೂಗಿದ: “ನನ್ಗ ಭಯ ಆಯ್ತು ಕಣ್ಲಾ. ಕೋಪ ಅಲ್ಲ, ಭಯ.”

ಟೀ ಕುಡಿಯುತ್ತಿದ್ದವರು ಲೋಟ ಇಳಿಸಿದರು. ಹೊರಟಿದ್ದ ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ತಲೆಗಳು ಕಾಣಿಸಿಕೊಂಡವು. ಜಗಳವೆಂದು ತಿಳಿದ ಒಬ್ಬ ಮುದುಕಿ, ಅಣ್ಣತಮ್ಮಂದಿರ ಹಾಗೆ ಇರಬೇಕಪ್ಪ ಎಂದು ಬಿಡಿಸಲು ಬಂದಳು. ಅಣ್ಣ ಮತ್ತೊಮ್ಮೆ ಕೂಗಲು ಉಸಿರೆಳೆದುಕೊಂಡ. ಜೋಸೆಫ್ ಅವನ ಹೆಗಲ ಮೇಲೆ ಕೈಯಿಟ್ಟ.

“ಕೂಗ್ಬೇಡ ಕಣ್ಲಾ. ಕೇಳುಸ್ತು.”

ಕಿವಿಗೆ ಕೇಳಿಸಿತೋ, ಮುಖ ನೋಡಿ ತಿಳಿದನೋ ನನಗೆ ಗೊತ್ತಿಲ್ಲ. ಅಷ್ಟು ವರ್ಷವೂ ಕೋಪವೆಂದೇ ತಿಳಿದಿದ್ದೆ ಎಂದ. ಆಮೇಲೆ ಬೇಕರಿಯಲ್ಲಿ ಕೂತು ಟೀ ಕುಡಿದೆವು. ಅವನ ಹೆಂಡತಿ ಮಗುವಿಗೆ ಬನ್ನು ಕೊಟ್ಟಳು. ಹಲ್ಲಿಲ್ಲದ ಕೂಸು ಅದನ್ನು ಚೀಪಿ ಚೀಪಿ ನನ್ನ ಸೀರೆಯೆಲ್ಲ ಹಾಳು ಮಾಡಿತು. ಈಗಲೂ ಸಂತೆಗೆ ಹೋದಾಗಲೆಲ್ಲ ಅಣ್ಣ ಬೇಕರಿಯ ಬೆಂಚಿನಲ್ಲಿ ಕೂತು ಬರುತ್ತಾನೆ. ಬಾರಿಸುವುದು ಮಾತ್ರ ಮತ್ತೆ ಆಗಲಿಲ್ಲ. ಯಾರಿಗೆ ಕೇಳಿಸಲು ಬಾರಿಸಬೇಕಾಗಿತ್ತೋ ಅವನಿಗೆ ಕೇಳಿಸದ ಮೇಲೆ ಇನ್ನೇನು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇದನ್ನೆಲ್ಲ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗ ಯಾವಾಗಲೂ ಅಣ್ಣನ ಕಥೆಯೆಂದೇ ಹೇಳುತ್ತಿದ್ದೆ. ಮೊನ್ನೆ ಆ ಹೊಗೆಯಲ್ಲಿ ನಿಂತಾಗ ನನಗೆ ಬೇರೊಂದು ಹೊಳೆಯಿತು. ಮಂಜಿನ ಹಾಡನ್ನು ಜೋಸೆಫ್ ಅವತ್ತು ಒಬ್ಬನೇ ಹೇಗೆ ಮುಗಿಸಿದ? ಎರಡನೆಯ ಚರಣವನ್ನು ಮೆತ್ತಗೆ ಹಾಡಿದನೋ, ಕಿರುಚಿದನೋ? ಏನೂ ನೆನಪಿಗೆ ಬರಲಿಲ್ಲ. ಎರಡನೆಯ ಹಾರನ್ ಆದಮೇಲೆ ನಾನು ಅಣ್ಣನ ಮುಖವನ್ನು ಬಿಟ್ಟು ಬೇರೇನನ್ನೂ ನೋಡಿಲ್ಲ, ಕೇಳಿಲ್ಲ. ಹಿಂದೊಮ್ಮೆ ಬೇರೆ ಮಾತಿನ ನಡುವೆ ಅವತ್ತಿನ ಹಾಡು ಹೇಗಿತ್ತೆಂದು ಅಣ್ಣನನ್ನು ಕೇಳಿದ್ದೆ. ಅವನು, ಡ್ರಮ್ಮು ಇಲ್ಲದ ಜಾಗಗಳು ಮಾತ್ರ ತನಗೆ ಕೇಳಿಸಿದವು ಎಂದ. ಇನ್ನು ಜೋಸೆಫ್. ಅವನೂ ಟ್ರೈಲರಿನ ಕಡೆಯೇ ನೋಡುತ್ತ ಹಾಡಿರಬೇಕು, ಉಳಿದಿದ್ದ ಒಂದು ಕಿವಿಗೂ ಹತ್ತಿ ತುರುಕಿಕೊಂಡು. ಆ ಹಾಡನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ನಾವು ಮೂವರು, ಅದನ್ನು ಕಡೆಯ ಸಲ ಹಾಡಿದಾಗ ಕೇಳಿಸಿಕೊಳ್ಳಲೇ ಇಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯರು ಕೇಳಿರಬೇಕು. ಅವರಲ್ಲಿ ಹೆಚ್ಚಿನವರು ಈಗಿಲ್ಲ. ಅವತ್ತಿನ ಹಾಡನ್ನು ಯಾರೂ ರೆಕಾರ್ಡು ಮಾಡಿ ಹಿಡಿದಿಟ್ಟಿಲ್ಲ.

ಸೀರೆಗೆ ಕೈ ಒರೆಸಿಕೊಂಡು ಒಳಗೆ ಬಂದೆ. ಛತ್ರದಲ್ಲಿ ಹಾಡಿನ ತಂಡವೊಂದು ಇದ್ದುದನ್ನು ನಾನು ಅಲ್ಲಿಯವರೆಗೆ ಸರಿಯಾಗಿ ಗಮನಿಸಿಯೂ ಇರಲಿಲ್ಲ. ಕರೆಂಟು ಹೋದಾಗ ಜನ ಎದ್ದು ಹೋಗಿದ್ದರು. ಕುರ್ಚಿಗಳನ್ನು ಆಗಲೇ ಒಂದರ ಮೇಲೊಂದು ಪೇರಿಸುತ್ತಿದ್ದರು. ವೇದಿಕೆಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು, ನಿಂತುಹೋಗಿದ್ದ ಹಾಡನ್ನು ನಿಂತಲ್ಲಿಂದಲೇ ಮತ್ತೆ ಎತ್ತಿಕೊಂಡಿದ್ದಳು. ನಾದಿನಿ ತಾಂಬೂಲದ ಚೀಲಗಳನ್ನು ಹಿಡಿದು ಬಾಗಿಲಲ್ಲಿ ನಿಂತು ಹೊರಡೋಣವೆ ಎಂದು ಸನ್ನೆ ಮಾಡಿದಳು. ಇನ್ನೂ ಸ್ವಲ್ಪ ಹೊತ್ತು ಎಂದು ನಾನೂ ಸನ್ನೆ ಮಾಡಿ, ಮುಂದಿನ ಸಾಲಿನಲ್ಲಿ ಉಳಿದಿದ್ದ ಒಂದು ಕುರ್ಚಿಯಲ್ಲಿ ಕೂತೆ.

ಆಕೆ ಪಲ್ಲವಿಗೆ ಬಂದು ಮುಗಿಸುವುದರಲ್ಲಿದ್ದಳು. ನಾನು ಕೂತದ್ದನ್ನು ನೋಡಿದಳು. ಪಕ್ಕದವನಿಗೆ ಕಣ್ಣಲ್ಲೇ ಏನೋ ಹೇಳಿ, ಬಿಡಬೇಕೆಂದಿದ್ದ ಇನ್ನೊಂದು ಚರಣವನ್ನು ಎತ್ತಿಕೊಂಡಳು. ಅದು ಮುಗಿಯುವವರೆಗೆ ನಾನು ಅವಳನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ.